ಅಬ್ಬಾ ಆಡದ ಮಾತು

ಜೇವರ್ಗಿ
11 ನವೆಂಬರ್ 2024

ಅನುಜಾ,

ನಿನ್ನ ಫೋನು ಆಫೀಸಿನದು, ಅದರಲ್ಲಿ ಸಿನಿಮಾದ ಮಾತು ಬೇಡ ಎಂದೆ ನೀನು. ಅದಕ್ಕೇ ಈ ಕಾಗದ. ಆಳಂದದ ಹಾಸ್ಟೆಲು ಬಿಟ್ಟ ಮೇಲೆ ನಿನಗೆ ಬರೆಯುತ್ತಿರುವುದು ಇದೇ ಮೊದಲು. ಅಕ್ಷರ ನೋಡಿ ನಗಬೇಡ. ಏಳನೇ ಇಯತ್ತೆಯ ಮಕ್ಕಳ ನೋಟುಬುಕ್ಕು ತಿದ್ದಿ ತಿದ್ದಿ ನನ್ನದೂ ಅವರ ಹಾಗೇ ಆಗಿದೆ.

ನಮ್ಮ ಸಿನಿಮಾಕ್ಕೆ ಸೆನ್ಸಾರಿನವರ ಕಾಗದ ಬಂತು. ಅಫಜಲಪುರದ ಮಿಲಿಂದ ನಿರ್ದೇಶಕ, ಸಂಭಾಷಣೆ ನನ್ನದು, ಮುಖ್ಯ ಪಾತ್ರ ನಮ್ಮ ಅಬ್ಬಾನದು. ನಮ್ಮೂರು ಕೊಳಕೂರಿಗೆ ನದಿಯಿಂದ ನೀರು ಎತ್ತುವ ಪಂಪಿನ ಲಾಡ್ಲೆಸಾಬ ಅರವತ್ತೊಂದನೆಯ ವಯಸ್ಸಿಗೆ ಹೀರೋ ಆಗಿದ್ದಾನೆ. ಸಿನಿಮಾದಲ್ಲೂ ಅವನು ಪಂಪಿನವನೇ. ನಸುಕಿನಲ್ಲಿ ಮರಳು ಕದಿಯುವ ಟ್ರ್ಯಾಕ್ಟರು ಒಬ್ಬನ ಮೇಲೆ ಹಾಯುವುದನ್ನು ನೋಡುತ್ತಾನೆ. ಇನ್ಸ್‌ಪೆಕ್ಟರ್ ಕರೆಸಿ, ಯಾರನ್ನ ನೋಡಿದಿ ಎಂದು ಕೇಳುತ್ತಾನೆ. ಅಬ್ಬಾ ನಲವತ್ತು ಸೆಕೆಂಡು ಚಹಾದ ಬಟ್ಟಲನ್ನು ನೋಡುತ್ತ ಕೂರುತ್ತಾನೆ. ಆಮೇಲೆ, “ಇಲ್ರಿ ಸಾಹೇಬ್ರ, ನಾ ಏನೂ ನೋಡಿಲ್ರಿ” ಎನ್ನುತ್ತಾನೆ. ಕೊನೆಗೆ ಒಬ್ಬನೇ ನದಿಯ ದಂಡೆಗೆ ಹೋಗಿ ನೀರಿನ ಮುಂದೆ ಎಲ್ಲವನ್ನೂ ಹೇಳುತ್ತಾನೆ. ಸಿನಿಮಾ ಅಷ್ಟೇ. ಸೊನ್ನದ ಬ್ಯಾರೇಜಿನ ಕೆಳಗೆ ಹನ್ನೊಂದು ದಿನದಲ್ಲಿ ತೆಗೆದದ್ದು.

ಎರಡು ತಿಂಗಳಿಂದ ನನಗೆ ಊಟ ಸೇರಿರಲಿಲ್ಲ. ಮಂಡಳಿಯವರು ಏನು ಕೇಳುತ್ತಾರೋ, ಯಾರನ್ನು ಕರೆಸುತ್ತಾರೋ ಎಂದು ಹೆದರಿ ಹೈರಾಣಾಗಿದ್ದೆ. ಬಂದದ್ದು ಮೂರು ಸಾಲು. ಮರಳಿನ ಟ್ರ್ಯಾಕ್ಟರಿನ ಪಕ್ಕ ನಿಂತ ಸರ್ಕಾರಿ ಜೀಪಿನ ಆರು ಸೆಕೆಂಡು ತೆಗೆಯಿರಿ, ಒಂದು ಬೈಗುಳದ ದನಿ ಅಡಗಿಸಿರಿ, ಬೀಡಿ ಸೇದುವಲ್ಲಿ ಎಚ್ಚರಿಕೆ ಹಾಕಿರಿ. ಕೆಳಗೆ ಸಹಿ, ಮೊಹರು, ಒಪ್ಪಿಗೆ ಇಲ್ಲದಿದ್ದರೆ ಮೇಲ್ಮನವಿ ಎಲ್ಲಿ ಎಂಬ ವಿಳಾಸ. ಜೀಪು ಹೋಯಿತೆಂದು ಮಿಲಿಂದ ಕುದಿಯುತ್ತಿದ್ದಾನೆ. ನನಗೂ ಸಿಟ್ಟು ಬಂದಿದೆ, ಆದರೆ ಅದಕ್ಕಿಂತ ಹೆಚ್ಚು ಜೀವ ಹಗುರಾಗಿದೆ. ಯಾಕೆಂದು ಕೇಳಬೇಡ.

ಥೇಟರಿನವರು ಯಾರೂ ಮುಂದೆ ಬರುತ್ತಿಲ್ಲ. ಫೋನಿನಲ್ಲಿ ಸಿನಿಮಾ ತೋರಿಸುವ ನಿಮ್ಮ ಕಂಪನಿಯವರು ನೋಡುತ್ತಾರೆಯೇ?

ಗುಲನಾಜ


ಮುಂಬೈ
20 ನವೆಂಬರ್ 2024

ಗುಲ್ಲು,

ಅಕ್ಷರ ಮೊದಲೂ ಕೆಟ್ಟದಾಗೇ ಇತ್ತು, ಮಕ್ಕಳ ಮೇಲೆ ಹಾಕಬೇಡ.

ಮಿಲಿಂದ ಕಳಿಸಿದ ಪ್ರತಿ ನೋಡಿದೆ. ನಮ್ಮ ಅನೂಪ ಸರ್ ಅವರಿಗೂ ತೋರಿಸಿದೆ. ತಗೊಳ್ಳುತ್ತಾರೆ. ನಿಮ್ಮಪ್ಪನ ಮುಖ ಬಂದಾಗ ಎಲ್ಲರೂ ಕೈಯಲ್ಲಿದ್ದ ಫೋನು ಕೆಳಗಿಟ್ಟು ನೋಡಿದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಇವರ ಮನೆಯ ಜೋಳದ ರೊಟ್ಟಿ ತಿಂದವಳು ನಾನು ಎಂದು ಎಲ್ಲರಿಗೂ ಹೇಳಿದೆ.

ಮೊಹರು, ಮೇಲ್ಮನವಿ ಎಲ್ಲ ಮರೆತುಬಿಡು. ಇಲ್ಲಿ ಯಾರೂ ಜೀಪಿಗೆ ಹೆದರುವುದಿಲ್ಲ. ಸರ್ಕಾರದ ಕತ್ತರಿ ಕಂಡು ಓಡಿ ಬಂದವರೇ ನಮ್ಮಲ್ಲಿಗೆ ಬರುವುದು. ನನ್ನ ಕೆಲಸವೂ ಅದೇ, ಸಿನಿಮಾವನ್ನು ಫೋನಿನಲ್ಲಿ ನೋಡುವವರಿಗೆ ಹೊಂದಿಸುವುದು. ದನಿ, ಬೆಳಕು, ಅಕ್ಷರ ಇಂಥ ಸಣ್ಣ ಪುಟ್ಟದ್ದು.

ಒಂದು ಕೇಳಲೇ? ಹಿಂದೆ ಹಲಗೆಯ ಬದಲು ಹಸಿರು ಬಾಗಿಲು ಕಟ್ಟಿದ ಟ್ರಾಲಿ ಎಂದು ನಿಮ್ಮಪ್ಪ ನದಿಯ ಮುಂದೆ ಹೇಳುತ್ತಾರಲ್ಲ, ಅದು ಎಲ್ಲಿಂದ ಹೊಳೆಯಿತು ನಿನಗೆ? ನಡೆದದ್ದೇನಾದರೂ ಇದೆಯೇ?

ಅನುಜಾ


ಜೇವರ್ಗಿ
2 ಡಿಸೆಂಬರ್ 2024

ಅನುಜಾ,

ಮಿಲಿಂದ ನಿಮ್ಮ ಕರಾರಿಗೆ ಸಹಿ ಹಾಕಿ ಬಂದ. ಇಪ್ಪತ್ತೆಂಟು ಪುಟ. ಓದಿದ್ದೀಯಾ ಎಂದರೆ, “ಮದಲಿನ ಹಾಳಿ ಓದೀನಿ, ಕಡೀದೂ ಓದೀನಿ” ಎಂದ.

ಕಥೆ ಎಲ್ಲಿಂದ ಬರುತ್ತದೆ ಎಂದರೆ ಏನು ಹೇಳಲಿ? ಭೀಮೆಯ ದಂಡೆಯ ಯಾವ ಊರಿನಲ್ಲಿ ಟ್ರ್ಯಾಕ್ಟರಿಲ್ಲ? ಮುರಿದ ಮನೆಯ ಬಾಗಿಲು ಎಲ್ಲಿಲ್ಲ? ಕಟ್ಟಿ ಬರೆದದ್ದು, ಅಷ್ಟೇ. ನೀನು ಬೇರೆ ಏನನ್ನೂ ಹುಡುಕಬೇಡ.

ಅಬ್ಬಾಗೆ ನಿನ್ನ ಮಾತು ಓದಿ ಹೇಳಿದೆ. ನಾಚಿಕೊಂಡು ಪಂಪಿನ ಕಡೆ ಹೊರಟುಹೋದ. ಅಮ್ಮಿ, ಅಂದರೆ ನಿನ್ನ ಬಾನುಬಿ ಚಾಚಿ, ನಿನಗೆ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾದ ಹಿಂಡಿ ಕುಟ್ಟಿಟ್ಟಿದ್ದಾಳೆ. ಯಾರಾದರೂ ಮುಂಬೈ ಕಡೆ ಬರುವವರಿದ್ದರೆ ಹೇಳು.

ಗುಲನಾಜ


ಮುಂಬೈ
18 ಜನವರಿ 2025

ಗುಲ್ಲು,

ಮೂವತ್ತೊಂದಕ್ಕೆ ಬಿಡುಗಡೆ. ಕೆಲಸ ಬಹಳ, ಅದಕ್ಕೇ ಬರೆಯಲಾಗಲಿಲ್ಲ. ಸಿನಿಮಾ ಸ್ವಲ್ಪ ಬಿಗಿಯಾಗಿದೆ. ಒಂದು ನಾಲ್ಕು ನಿಮಿಷ ಕಡಿಮೆಯಾಗಿರಬಹುದು. ಯಾರಿಗೂ ಗೊತ್ತಾಗುವಂಥದ್ದಲ್ಲ. ನಿಮ್ಮಪ್ಪ ಇನ್ನೂ ಚೆನ್ನಾಗಿ ಕಾಣುತ್ತಾರೆ, ನೀನೇ ನೋಡು.

ಹಿಂಡಿ ಮುಟ್ಟಿತು. ಮೂರು ದಿನದಲ್ಲಿ ಖಾಲಿ.

ಅನುಜಾ


ಜೇವರ್ಗಿ
6 ಫೆಬ್ರುವರಿ 2025

ಅನುಜಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ಓದಲು ಬಂದಷ್ಟು ಓದಿಕೋ.

ಭಾನುವಾರ ಕೊಳಕೂರಿಗೆ ಹೋಗಿ ಫೋನನ್ನು ಜೋಳದ ಡಬ್ಬಿಗೆ ಆನಿಸಿಟ್ಟು ಎಲ್ಲರೂ ಕೂತು ನೋಡಿದೆವು. ಅಬ್ಬಾ ಹೊಸ ಟೋಪಿ ಹಾಕಿಕೊಂಡಿದ್ದ. ಪಕ್ಕದ ಮನೆಯ ಖಾದರಸಾಬ ಚಾಚಾ ಬಂದಿದ್ದರು. ಠಾಣೆಯ ದೃಶ್ಯ ಬಂತು. ಯಾರನ್ನ ನೋಡಿದಿ ಎಂದು ಇನ್ಸ್‌ಪೆಕ್ಟರ್ ಕೇಳಿದ. ಕೇಳಿದ ಕೂಡಲೇ ಅಬ್ಬಾನ ದನಿ: ನೀಲಿ ಟ್ರ್ಯಾಕ್ಟರು, ಹಿಂದ ಹಸಿರು ಬಾಗಲಾ ಕಟ್ಟಿದ ಟ್ರಾಲಿ, ಕೈ ಅಡ್ಡ ಹಿಡದು ನಿಂತಿದ್ದ, ನಿಂದ್ರಸಲಿಲ್ಲ. ಇನ್ಸ್‌ಪೆಕ್ಟರ್ ತಲೆಯಾಡಿಸುತ್ತಾನೆ, ಬರೆದುಕೊಳ್ಳುತ್ತಾನೆ. ಅಬ್ಬಾ ಟುವಾಲಿನಿಂದ ಬಾಯಿ ಒರೆಸಿಕೊಂಡು ಏಳುತ್ತಾನೆ. ಸುಮ್ಮನೆ ಕೂತದ್ದಿಲ್ಲ. ನೋಡಿಲ್ಲ ಎಂದದ್ದಿಲ್ಲ. ನದಿಯೂ ಇಲ್ಲ. ನದಿಯ ಮುಂದೆ ಆಡಿದ್ದನ್ನು ಎತ್ತಿ ಪೊಲೀಸರ ಮುಂದೆ ಇಟ್ಟಿದ್ದಾರೆ.

ಖಾದರಸಾಬ ಚಾಚಾ ಎದ್ದು ನಿಂತು, “ಲಾಡ್ಲೇ, ಇದನ್ನ ಯಾವಾಗ ಹೇಳ್ದಿ?” ಎಂದು ಕೇಳಿದರು. ಅಬ್ಬಾ ಹೊಸ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಡಿಸೆಂಬರಿನಲ್ಲಿ ನಿನಗೆ ಸುಳ್ಳು ಬರೆದೆ. ಕಟ್ಟಿ ಬರೆದದ್ದಲ್ಲ ಅದು. ಮೂರು ವರ್ಷದ ಹಿಂದೆ ನಮ್ಮ ದಂಡೆಯಲ್ಲಿ ದೇವಾನಂದ ಎಂಬವನು ಸತ್ತ. ಪಂಪಿನ ಮೇಲೆ ಅಬ್ಬಾನ ಜೋಡಿ ಕೆಲಸ ಮಾಡುತ್ತಿದ್ದವನು. ಪೈಪಿನ ಬುಡದ ಮರಳು ಎತ್ತಬೇಡಿರೆಂದು ಟ್ರ್ಯಾಕ್ಟರಿಗೆ ಅಡ್ಡ ನಿಂತಿದ್ದ. ಅಬ್ಬಾ ನೋಡಿದ್ದ. ಪೊಲೀಸರು ಕೇಳಿದಾಗ ಏನೂ ನೋಡಿಲ್ಲ ಎಂದ, ಅದಕ್ಕೇ ಆ ಮರಳಿನವರು ನಮ್ಮನ್ನು ಬದುಕಲು ಬಿಟ್ಟರು. ಹಸಿರು ಬಾಗಿಲಿನ ಟ್ರಾಲಿ ಯಾರದೆಂದು ಈ ಭಾಗದ ಸಣ್ಣ ಕೂಸಿಗೂ ಗೊತ್ತು. ನಾನು ಅದನ್ನು ಬರೆಯಬಾರದಿತ್ತು. ಆದರೆ ಅಬ್ಬಾ ನೋಡಿಲ್ಲ ಎನ್ನುವುದು ಸಿನಿಮಾದಲ್ಲಿ ಮೊದಲೇ ಇದ್ದದ್ದರಿಂದ ಅವರಿಗೆ ಸಿಟ್ಟು ಬರಲಿಕ್ಕಿಲ್ಲ, ಮುದುಕ ನೀರಿನ ಮುಂದೆ ಅತ್ತ ಎಂದು ನಕ್ಕು ಬಿಡುತ್ತಾರೆ ಎಂದು ಲೆಕ್ಕ ಹಾಕಿದ್ದೆ. ಮಂಡಳಿಯವರ ಮುಂದೆ ಹೆದರಿದ್ದೂ ಇದಕ್ಕೇ.

ನಿನ್ನೆ ಮುಂಜಾನೆ ಅಮ್ಮಿ ಅಂಗಳ ಗುಡಿಸಲು ಹೊರಗೆ ಬಂದಳು. ನಮ್ಮ ಮನೆಯ ಗೋಡೆಗೆ ಆ ಹಸಿರು ಬಾಗಿಲನ್ನು ಒರಗಿಸಿಟ್ಟು ಹೋಗಿದ್ದರು. ಕೊಂಡಿಗೆ ಹಗ್ಗ ಹಾಗೇ ಇತ್ತು. ಒಂದು ಮಾತಿಲ್ಲ, ಚೀಟಿಯಿಲ್ಲ. ಅಮ್ಮಿ ಒಳಗೆ ಬಂದು ಕೂತವಳು ಸಂಜೆಯ ತನಕ ಏಳಲಿಲ್ಲ. ಓಣಿಯ ಬಾಯಲ್ಲಿ ಇಬ್ಬರು ಮೋಟಾರ್ ಸೈಕಲ್ ಮೇಲೆ ಕೂತಿರುತ್ತಾರೆ. ಅಬ್ಬಾ ಪಂಪಿಗೆ ಹೊರಟರೆ ಅವರೂ ಹೊರಡುತ್ತಾರೆ.

ಅಬ್ಬಾ ಪೊಲೀಸರಿಗೆ ಹೇಳಿಲ್ಲ, ಇದು ಕಂಪನಿ ಕೂಡಿಸಿದ್ದು ಎಂದು ಒಂದು ಕಾಗದ ಬೇಕು. ಸಹಿ ಬೇಕು, ಮೊಹರು ಬೇಕು. ಯಾರು ಕತ್ತರಿಸಿದರು, ಯಾವ ದಿನ, ಎಷ್ಟು ಸೆಕೆಂಡು. ಮಂಡಳಿಯವರು ಆರು ಸೆಕೆಂಡಿಗೆ ಕೊಟ್ಟರು, ನೀವು ನಾಲ್ಕು ನಿಮಿಷಕ್ಕೆ ಕೊಡಲಾರಿರೇ? ಜಲ್ದಿ ಕಳಿಸು.

ಗುಲನಾಜ


ಮುಂಬೈ
13 ಫೆಬ್ರುವರಿ 2025

ಪ್ರಿಯ ಗುಲನಾಜ,

ಓದಿ ಬಹಳ ದುಃಖವಾಯಿತು. ವಿಚಾರಿಸಿದೆ. ಕರಾರಿನ ಹನ್ನೊಂದನೇ ಕಲಮಿನಂತೆ ಪ್ರಸಾರಕ್ಕೆ ಬೇಕಾದ ಬದಲಾವಣೆ ಮಾಡುವ ಹಕ್ಕು ಕಂಪನಿಗಿದೆ. ಅಂಥ ಬದಲಾವಣೆಗೆ ಬೇರೆ ಪತ್ರ ಕೊಡುವ ಪದ್ಧತಿ ಇಲ್ಲ. ವೀಕ್ಷಕರ ದೂರು ಎಂಬ ಪುಟದಲ್ಲಿ ಮಿಲಿಂದ ಬರೆದರೆ ಮೂವತ್ತು ದಿನದಲ್ಲಿ ಉತ್ತರ ಬರುತ್ತದೆ. ಇಂಥ ಕೆಲಸ ಒಬ್ಬರದಲ್ಲ, ಇಡೀ ವಿಭಾಗದ್ದು, ಹಾಗಾಗಿ ಹೆಸರು ಹೇಳುವುದು ಕಷ್ಟ.

ಅಲ್ಲಿಯವರೆಗೆ ಚಾಚಾ ಚಾಚಿ ಇಬ್ಬರನ್ನೂ ಮಾದನಹಿಪ್ಪರಗಾಕ್ಕೆ ನಮ್ಮ ಮನೆಗೆ ಕಳಿಸು. ಅಮ್ಮನಿಗೆ ಫೋನು ಮಾಡಿದ್ದೇನೆ. ಆಳಂದದಲ್ಲಿ ಇಳಿದರೆ ಬಸ್ಸಿದೆ. ದಯವಿಟ್ಟು ಕಳಿಸು.

ಅನುಜಾ


ಜೇವರ್ಗಿ
22 ಫೆಬ್ರುವರಿ 2025

ಅನುಜಾ,

ನಿನ್ನ ಕಾಗದವನ್ನು ಅಬ್ಬಾಗೆ ಓದಿ ಹೇಳಲಿಲ್ಲ. ಅದು ನೀನು ಬರೆದದ್ದೆಂದು ನನಗೇ ಅನಿಸಲಿಲ್ಲ.

ಇಬ್ಬರನ್ನೂ ನಿಮ್ಮ ಮನೆಗೆ ಬಿಟ್ಟು ಬಂದಿದ್ದೆ. ನಿಮ್ಮಮ್ಮ, ನನ್ನ ತುಳಸಾಬಾಯಿ ಚಿಗವ್ವ, ಒಂದು ಪ್ರಶ್ನೆ ಕೇಳದೆ ಒಳಗೆ ಕರೆದುಕೊಂಡರು, ಅಮ್ಮಿಯ ತಲೆಗೆ ಎಣ್ಣೆ ಹಚ್ಚಿದರು. ಅವರ ಋಣ ನನ್ನ ಮೇಲಿದೆ. ಅಬ್ಬಾ ನಾಲ್ಕನೇ ದಿನ ಅಮ್ಮಿಯನ್ನು ಕರೆದುಕೊಂಡು ತಿರುಗಿ ಬಂದ. ಪಂಪು ಯಾರು ನಡೆಸಬೇಕು, ಊರಿಗೆ ನೀರಿಲ್ಲ ಎಂದ.

ಬಿಡಲು ಬಂದ ದಿನ ನಿಮ್ಮೂರಿನಲ್ಲಿ ಒಂದು ಸಂಗತಿ ನೋಡಿದೆ. ಅವತ್ತು ಓಣಿಯ ಜಗಳ ಬಿಡಿಸಲು ನಿಮ್ಮಪ್ಪ ಜಯತೀರ್ಥರಾಯರು ಕಟ್ಟೆಯ ಮೇಲೆ ಕೂತಿದ್ದರು. ಹೇಳುವುದನ್ನು ಹೇಳಿ ಮುಗಿಸಿ, ಟುವಾಲಿನಿಂದ ಬಾಯಿ ಒರೆಸಿಕೊಂಡು ಎದ್ದರು. ನಮ್ಮ ಕಡೆಯ ಹಿರಿಯರು ಮಾಡುವುದೇ ಹಾಗೆ, ಒರೆಸಿಕೊಂಡರೆ ಮಾತು ಮುಗಿಯಿತು, ಇನ್ನು ಬದಲಿಲ್ಲ ಎಂದು ಅರ್ಥ. ನಮ್ಮ ಸಿನಿಮಾದಲ್ಲಿ ಅಬ್ಬಾ ಟುವಾಲಿನಿಂದ ಬಾಯಿ ಒರೆಸಿಕೊಳ್ಳುವುದು ಊಟದ ದೃಶ್ಯದಲ್ಲಿ, ಹೆಂಡತಿಯ ಮುಂದೆ. ಅದನ್ನು ಅಲ್ಲಿಂದ ಕಿತ್ತು ಪೊಲೀಸರ ಮುಂದೆ ಇಡಬೇಕೆಂದು ಮುಂಬೈಯಲ್ಲಿ ಹುಟ್ಟಿದವನಿಗೆ ಹೊಳೆಯುವುದಿಲ್ಲ. ನಿಮ್ಮ ವಿಭಾಗದಲ್ಲಿ ಈ ಭಾಗದವರು ಎಷ್ಟು ಜನ ಇದ್ದೀರಿ, ಅನುಜಾ?

ಹೆದರಿಕೆಯ ಮೇಲೆ ಇನ್ನೊಂದು ಬಂದಿದೆ. ನಿನ್ನೆ ದೇವಾನಂದನ ಹೆಂಡತಿ ಮಾಳಮ್ಮ ಬಂದಳು. ಮೂರು ವರ್ಷ ನಮ್ಮ ಹೊಸ್ತಿಲು ತುಳಿದವಳಲ್ಲ. ಯಾರದೋ ಫೋನಿನಲ್ಲಿ ಸಿನಿಮಾ ನೋಡಿದ್ದಾಳೆ. ಒಳಗೆ ಬಂದು ಅಬ್ಬಾನ ಎರಡೂ ಕೈ ಹಿಡಿದುಕೊಂಡು, “ಅಣ್ಣಾ, ನೀ ಹೇಳ್ದಿ. ನೀನರ ಹೇಳ್ದಿ. ಇಷ್ಟ ದಿನಾ ನಿನಗ ಶಾಪ ಹಾಕೇನಿ, ತಪ್ಪಾತು” ಎಂದು ಅತ್ತಳು. ಅಬ್ಬಾ ನನ್ನ ಮುಖ ನೋಡಿದ. ಅದು ಕೂಡಿಸಿದ್ದು, ನಾನು ಹೇಳಿಲ್ಲ ಎನ್ನಲು ಅವನಿಗಾಗಲಿಲ್ಲ. ನನಗೂ ಆಗಲಿಲ್ಲ. ಅವಳು ಹೋದ ಮೇಲೆ ಅಬ್ಬಾ ಉಣ್ಣಲಿಲ್ಲ. ಬಾಗಿಲು ತಂದಿಟ್ಟ ದಿನ ಉಂಡಿದ್ದ.

ಮೋಟಾರ್ ಸೈಕಲ್ ಈಗ ಓಣಿಯ ಬಾಯಲ್ಲಲ್ಲ, ನಮ್ಮ ಮನೆಯ ಎದುರಿಗೇ ನಿಲ್ಲುತ್ತದೆ.

ಗುಲನಾಜ


ಮುಂಬೈ
27 ಫೆಬ್ರುವರಿ 2025

ಗುಲ್ಲು,

ಎಷ್ಟು ಜನ ಎಂದು ಕೇಳಿದ್ದೆಯಲ್ಲ, ಒಬ್ಬಳೇ ಇದ್ದೇನೆ. ನಾನೊಬ್ಬಳೇ.

ನಮ್ಮಲ್ಲಿ ಒಂದು ಗೆರೆ ಇರುತ್ತದೆ. ಜನ ಎಲ್ಲಿ ನೋಡುವುದು ಬಿಟ್ಟರು ಎಂದು ತೋರಿಸುವ ಗೆರೆ. ಬಿಡುಗಡೆಗೆ ಮೊದಲು ಐನೂರು ಜನಕ್ಕೆ ತೋರಿಸುತ್ತಾರೆ. ನಿಮ್ಮಪ್ಪ ಸುಮ್ಮನೆ ಕೂತಲ್ಲಿ ಆ ಗೆರೆ ನೆಲ ಕಂಡಿತು. ಮೂವರಲ್ಲಿ ಒಬ್ಬರು ಎದ್ದು ಹೋಗಿದ್ದರು. “ಈ ಮುದುಕ ಮಾತಾಡಿದರೆ ಸಿನಿಮಾ ಉಳಿಯುತ್ತದೆ, ಭಾಷೆ ಗೊತ್ತಿರುವುದು ನಿನಗೇ, ನೋಡು” ಎಂದರು ಅನೂಪ ಸರ್. ಅವರು ಅಷ್ಟೇ ಹೇಳಿದ್ದು. ಉಳಿದದ್ದೆಲ್ಲ ನನ್ನ ಕೈ.

ಎರಡು ದಿನ ಕೂತೆ. ನದಿಯ ಗಾಳಿಯನ್ನು ದನಿಯಿಂದ ತೆಗೆದೆ. ಇನ್ಸ್‌ಪೆಕ್ಟರ್ ಚಹಾ ಸಾಕೆಂದು ತಲೆಯಾಡಿಸುವುದನ್ನು ತಂದು ಅಲ್ಲಿಟ್ಟೆ. ಟುವಾಲು ಹೊಳೆದಾಗ ಕುಣಿಯಬೇಕೆನಿಸಿತು. ಎಲ್ಲರನ್ನೂ ಕರೆದು ತೋರಿಸಿದರು, ಚಪ್ಪಾಳೆ ಹೊಡೆದರು. ಕೆಟ್ಟ ಮನಸ್ಸಿನಿಂದ ಮಾಡಲಿಲ್ಲ. ಚಾಚಾ ಹೇಡಿಯಾಗಿ ಕಾಣಬಾರದು ಎಂದುಕೊಂಡೆ. ಕಥೆಯಲ್ಲವೇ, ಧೈರ್ಯ ಕೊಟ್ಟರೆ ಯಾರಿಗೇನು ನಷ್ಟ ಎಂದುಕೊಂಡೆ. ಕಥೆ ಎಂದೇ ನೀನು ಬರೆದಿದ್ದೆ. ಇದನ್ನು ನಿನ್ನ ಮೇಲೆ ಹೊರಿಸಲು ಬರೆಯುತ್ತಿಲ್ಲ. ಹೊರಿಸುತ್ತಿದ್ದೇನೇನೋ, ಗೊತ್ತಿಲ್ಲ.

ಆರನೇ ತಾರೀಖಿನ ನಿನ್ನ ಕಾಗದ ಓದಿದ ದಿನ ಮೊದಲು ಅಮ್ಮನಿಗೆ ಫೋನು ಮಾಡಿದೆ. ಆಮೇಲೆ ಕೂತು ಆ ಕಲಮಿನ ಕಾಗದ ಬರೆದೆ. ನೌಕರಿ ಹೋಗುತ್ತದೆ, ಕೋರ್ಟಿಗೆ ಎಳೆಯುತ್ತಾರೆ ಎಂದು ಹೆದರಿದ್ದೆ. ನಿನ್ನ ಹೆದರಿಕೆಯ ಮುಂದೆ ನನ್ನದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಈಗ ಕಂಪನಿಗೆ ಬರೆದು ಕೊಟ್ಟಿದ್ದೇನೆ, ಸಹಿ ಹಾಕಿ. ಯಾವ ದಿನ, ಯಾವ ಸೆಕೆಂಡು, ಎಲ್ಲ. ಒಬ್ಬ ಮನುಷ್ಯನ ಜೀವಕ್ಕೆ ಅಪಾಯವಿದೆ, ವಾಪಸು ಮಾಡದಿದ್ದರೆ ಪತ್ರಿಕೆಯವರ ಹತ್ತಿರ ಹೋಗುತ್ತೇನೆ ಎಂದೆ. ಒಪ್ಪಿದರು. ನಾಳೆ ಶುಕ್ರವಾರದಿಂದ ಎಲ್ಲರ ಫೋನಿನಲ್ಲೂ ಮೊದಲಿನ ಸಿನಿಮಾ ಬರುತ್ತದೆ. ಚಾಚಾ ನೋಡಿಲ್ಲ ಎಂದೇ ಹೇಳುತ್ತಾರೆ. ಆ ಮೋಟಾರ್ ಸೈಕಲಿನವರಿಗೆ ತೋರಿಸು. ನನಗೆ ನಾಳೆಯಿಂದ ಬರಬೇಡ ಎಂದಿದ್ದಾರೆ.

ನನ್ನ ಸಹಿಯ ಪ್ರತಿ ಇದರ ಜೊತೆಗಿದೆ.

ಅನುಜಾ


ಜೇವರ್ಗಿ
28 ಫೆಬ್ರುವರಿ 2025

ಅನುಜಾ,

ಇದನ್ನು ಸ್ಪೀಡ್ ಪೋಸ್ಟಿಗೆ ಹಾಕುತ್ತಿದ್ದೇನೆ. ನಿನ್ನ ಫೋನು ಎರಡು ದಿನದಿಂದ ಹತ್ತುತ್ತಿಲ್ಲ.

ಅಬ್ಬಾ ನಿನ್ನೆ ಠಾಣೆಗೆ ಹೋಗಿ ಹೇಳಿಕೆ ಕೊಟ್ಟು ಬಂದಿದ್ದಾನೆ. ಯಾರನ್ನೂ ಕೇಳಲಿಲ್ಲ. ಪಂಪು ಬಂದ್ ಮಾಡಿ ಬೀಗ ಹಾಕಿ, ಹತ್ತರ ಬಸ್ಸಿಗೆ ಹೋಗಿ, ನೋಡಿದ್ದನ್ನು ನೋಡಿದ ಹಾಗೆ ಹೇಳಿದ್ದಾನೆ. ಯಾಕೆ ಹೀಗೆ ಮಾಡಿದೆ ಎಂದು ಕೂಗಾಡಿದೆ. ಅವನು, “ಹೇಳದಿದ್ರೂ ಬಾಗಲಾ ತಂದಿಟ್ರು. ಹೇಳದಿದ್ರೂ ಆಕಿ ಕೈ ಹಿಡಕೊಂಡು ಅತ್ತಳು. ಬಾಗಲಾದು ತಡಕೋತೇನಿ ಬೇಟಿ, ಆಕಿದು ತಡಕೊಳ್ಳಾಕ ಆಗಂಗಿಲ್ಲ” ಎಂದ. ಹನ್ನೆರಡನೇ ತಾರೀಖು ಇಲ್ಲಿಯ ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಮತ್ತೆ ಹೇಳಬೇಕು.

ಹಾಗಾಗಿ ಈಗ ಸಿನಿಮಾವನ್ನು ಮುಟ್ಟಬೇಡಿ. ಹಿಂದಿನದನ್ನು ತಿರುಗಿ ಹಾಕಬೇಡಿ. ಅಬ್ಬಾ ನೋಡಿಲ್ಲ ಎನ್ನುವುದು ಈಗ ಎಲ್ಲರಿಗೂ ಕಂಡರೆ, ಈ ಮುದುಕನ ಯಾವ ಮಾತು ನಂಬಬೇಕು ಎಂದು ಅವರ ವಕೀಲ ಕೇಳುತ್ತಾನೆ. ಅದಕ್ಕಿಂತ ಮೊದಲು ಮಾಳಮ್ಮ ನೋಡುತ್ತಾಳೆ. ಕಾಗದ ಕೊಡು, ಸಹಿ ಕೊಡು ಎಂದು ಬೇಡಿದವಳೇ ನಾನು. ಈಗ ಬೇಡ ಎನ್ನುತ್ತಿದ್ದೇನೆ. ಹನ್ನೆರಡರ ತನಕ ನೀನು ಮಾಡಿದ ಸುಳ್ಳು ಹಾಗೇ ಇರಲಿ. ಇಷ್ಟು ಮಾಡು.

ಗುಲನಾಜ


ಕೊಳಕೂರ
11 ಮಾರ್ಚ್ 2025

ಅನುಜಾ,

ನಿನ್ನ ಕಾಗದವೂ ನನ್ನದೂ ದಾರಿಯಲ್ಲಿ ಎಲ್ಲೋ ಒಂದನ್ನೊಂದು ದಾಟಿ ಹೋಗಿವೆ. ನಾನು ಬೇಡವೆಂದು ಬರೆಯುತ್ತಿದ್ದ ದಿನವೇ ಮೊದಲಿನ ಸಿನಿಮಾ ಜನರ ಫೋನಿಗೆ ಬಂದಾಗಿತ್ತು.

ನಿನ್ನ ನೌಕರಿ ಹೋಯಿತೆಂದು ಓದಿ ಅತ್ತೆ. ಆ ಎರಡು ದಿನದ ಕುಣಿತ ಓದಿ ಕಾಗದವನ್ನು ಗೋಡೆಗೆ ಎಸೆದೆ. ನಿನ್ನ ಮೇಲೆ ಸಿಟ್ಟು ಹೋಗಿಲ್ಲ. ನನ್ನ ಮೇಲೂ ಹೋಗಿಲ್ಲ. ಮಂಡಳಿಯವರು ತಮ್ಮ ಜೀಪಿಗೆ ಹೆದರಿದರು, ನೀವು ಜನಕ್ಕೆ ಬೇಸರವಾದೀತೆಂದು ಹೆದರಿದಿರಿ, ನಾನು ನಿನಗೆ ನಿಜ ಹೇಳಲು ಹೆದರಿದೆ. ಅಬ್ಬಾನ ಹೆದರಿಕೆಯನ್ನು ಅವನ ಬಳಿ ಉಳಿಯಲು ಯಾರೂ ಬಿಡಲಿಲ್ಲ.

ಮಾಳಮ್ಮ ಇವತ್ತು ಮಧ್ಯಾಹ್ನ ಬಂದಳು. ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತು ಫೋನು ಹಿಡಿದು ತೋರಿಸಿದಳು. “ಇದರಾಗ ನೋಡಿಲ್ಲ ಅಂತೀದಿ. ಅದರಾಗ ನೋಡೀನಿ ಅಂದಿದ್ದಿ. ಯಾವುದು ಖರೆ ಅಣ್ಣಾ?”

ನಾನು ಮುಂದೆ ಹೋದೆ. ಕಂಪನಿ, ಕತ್ತರಿ, ಎಲ್ಲ ಹೇಳಬೇಕೆಂದಿದ್ದೆ. ಅಬ್ಬಾ ನನ್ನನ್ನು ಸರಿಸಿ ಅವಳ ಎದುರಿಗೆ ಹೋಗಿ ನಿಂತ.

“ಇದೇ ಖರೆ, ಮಾಳಮ್ಮ. ದೇವು ಅಡ್ಡ ನಿಂತಿದ್ದು ನೋಡಿದ್ದೆ. ಆಮ್ಯಾಗ ನೋಡಿಲ್ಲ ಅಂತ ಹೇಳ್ದೆ. ಜೀವದ ಆಸೆಕ್ಕ ಹೇಳ್ದೆ. ಮೂರು ವರ್ಸ ನಿನ್ನ ಮುಂದ ಹಾದು ಹೋಗೇನಿ, ಮಾರಿ ಎತ್ತಿಲ್ಲ. ಅವತ್ತ ನೀ ಬಂದು ಕೈ ಹಿಡದಾಗೂ ಹೇಳಿಲ್ಲ. ಈಗ ಹನ್ನೆರಡು ದಿನದ ಹಿಂದ ಠಾಣಾಕ್ಕ ಹೋಗಿ ಹೇಳೇನಿ. ನಾಳೆ ಕೋರ್ಟಿನ್ಯಾಗ ಹೇಳ್ತೇನಿ.”

ಎದುರಿಗೆ ಮೋಟಾರ್ ಸೈಕಲಿನವರು ಕೂತು ಕೇಳುತ್ತಿದ್ದರು. ಅಬ್ಬಾ ದನಿ ತಗ್ಗಿಸಲಿಲ್ಲ, ಅವರ ಕಡೆ ನೋಡಲೂ ಇಲ್ಲ. ಅಮ್ಮಿ ಬಾಗಿಲ ಸಂದಿಯಿಂದ ನೋಡುತ್ತಿದ್ದಳು.

ಮಾಳಮ್ಮ ಒಂದು ಹೆಜ್ಜೆ ಮುಂದೆ ಬಂದಳು. ಉಗುಳುತ್ತಾಳೆ ಎಂದುಕೊಂಡೆ. ಉಗುಳಿದರೆ ಅಬ್ಬಾ ತಡೆದುಕೊಳ್ಳುತ್ತಿದ್ದ. ಅವಳು ಫೋನನ್ನು ಸೆರಗಿಗೆ ಕಟ್ಟಿಕೊಂಡು ತಿರುಗಿ ನಾಲ್ಕು ಹೆಜ್ಜೆ ಹೋದಳು. ಹೋದವಳು ನಿಂತು, ನಮ್ಮ ಕಡೆ ಮುಖ ಮಾಡದೆ ಕೇಳಿದಳು.

“ನಾಳೆ ಯಾವ ಬಸ್ಸಿಗೆ ಹೋಗ್ತೀರಿ?”

“ಎಂಟೂವರೇದು” ಎಂದ ಅಬ್ಬಾ.

“ನಾನೂ ಬರ್ತೇನಿ. ನೀ ಹೇಳೂದು ನನ್ನ ಕಿವೀಲೆ ಕೇಳಬೇಕು.”

ನಾಳೆ ಅಮ್ಮಿ, ಮಾಳಮ್ಮ ಸೇರಿ ನಾವು ನಾಲ್ವರು ಸ್ಟ್ಯಾಂಡಿನಲ್ಲಿ ನಿಂತಿರುತ್ತೇವೆ. ಜೇವರ್ಗಿ ಮುಟ್ಟುತ್ತೇವೋ ಇಲ್ಲವೋ ಗೊತ್ತಿಲ್ಲ. ನನಗೆ ಬಹಳ ಹೆದರಿಕೆಯಾಗುತ್ತಿದೆ, ಅನುಜಾ. ಅಬ್ಬಾ ಒಳಗೆ ನಿದ್ದೆ ಹೋಗಿದ್ದಾನೆ.

ಗುಲನಾಜ